ಹೇಳಿದ್ದನ್ನೇ ಹೇಳುವ ಪ್ರವಾದಿ

ಆ ಪ್ರವಾದಿಯ ಪುಸ್ತಕ ನನ್ನ ಪಾಲಿಗೆ ಬಂದದ್ದು ಉಳಿದವರೆಲ್ಲ ಬೇಡವೆಂದು ಬಿಟ್ಟದ್ದರಿಂದ. ಗಲ್ಫಿನ ಅಲ್ ಐನ್‌ನಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವವರು ನಾವು ಹೆಚ್ಚೆಂದರೆ ಹತ್ತು ಜನ. ಭಾನುವಾರ ಸಂಜೆ ಚರ್ಚಿನ ಆವರಣದ ಒಂದು ಸಣ್ಣ ಕೋಣೆಯಲ್ಲಿ, ಮಲಯಾಳದವರ ಕೂಟ ಮುಗಿದು ತಮಿಳರ ಕೂಟ ಶುರುವಾಗುವ ನಡುವಿನ ಒಂದು ಗಂಟೆ ನಮ್ಮದು. ಆ ವರ್ಷ ನಮ್ಮ ಕೂಟದ ಹಿರಿಯರು ಸತ್ಯವೇದದ ಪ್ರವಾದಿಗಳ ಪುಸ್ತಕಗಳನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಹಂಚಿದರು. ಓದಿಕೊಂಡು ಬಂದು ಇಪ್ಪತ್ತು ನಿಮಿಷ ಮಾತಾಡಬೇಕು. ಎರಡು ಪುಟ, ಮೂರು ಪುಟದ ಪ್ರವಾದಿಗಳನ್ನು ಎಲ್ಲರೂ ಬೇಗ ಬೇಗ ಆರಿಸಿಕೊಂಡರು. ನಾನು ಡ್ಯೂಟಿ ಮುಗಿಸಿ ತಡವಾಗಿ ಹೋಗಿದ್ದೆ. ನನಗೆ ಉಳಿದದ್ದು ಐವತ್ತೆರಡು ಅಧ್ಯಾಯಗಳ ಪುಸ್ತಕ, ನಮ್ಮವರು ಕಣ್ಣೀರಿನ ಪ್ರವಾದಿ ಎಂದು ಕರೆಯುವವನದ್ದು.

"ನೀವು ಒಬ್ರೇ ಇರುದಲ್ವಾ ಸಿಸ್ಟರ್, ಓದ್ಲಿಕ್ಕೆ ಸಮಯ ಉಂಟು ನಿಮಗೆ," ಎಂದರು ಹಿರಿಯರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಿಜವೂ ಹೌದು. ನನಗಾಗ ಐವತ್ತನಾಲ್ಕು ವರ್ಷ. ಮದುವೆಯಾಗಿಲ್ಲ. ಈ ಊರಿಗೆ ನರ್ಸ್ ಆಗಿ ಬಂದು ಹತ್ತೊಂಬತ್ತು ವರ್ಷವಾಗಿತ್ತು. ಒಂದು ಹಳೆಯ ವಿಲ್ಲಾವನ್ನು ತುಂಡು ಮಾಡಿ ಬಾಡಿಗೆಗೆ ಕೊಟ್ಟದ್ದರಲ್ಲಿ ಒಂದು ಕೋಣೆ ನನ್ನದು. ಪಕ್ಕದ ಕೋಣೆಯ ಫಿಲಿಪಿನೋ ಹುಡುಗಿಗೂ ನನಗೂ ಡ್ಯೂಟಿ ಬೇರೆ ಬೇರೆ ಹೊತ್ತು. ಅವಳು ತೊಳೆದಿಟ್ಟ ಪಾತ್ರೆ ನೋಡಿ ಅವಳು ಮನೆಗೆ ಬಂದುಹೋದಳೆಂದು ತಿಳಿದುಕೊಳ್ಳುತ್ತಿದ್ದೆ. ರಜೆಯ ದಿನ ಸಂಜೆ ಯಾರಾದರೂ ಫೋನ್ ಮಾಡಿದರೆ ಮೊದಲು ಗಂಟಲು ಸರಿಮಾಡಿಕೊಳ್ಳಬೇಕಾಗುತ್ತಿತ್ತು. ಬೆಳಗಿನಿಂದ ಮಾತೇ ಆಡಿರುತ್ತಿರಲಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಆಸ್ಪತ್ರೆಯ ಬಸ್ಸು ಬರುವ ಮೊದಲು ಒಂದೊಂದು ಅಧ್ಯಾಯ ಓದತೊಡಗಿದೆ. ಒಂದು ವಾರಕ್ಕೆ ಬೇಸರ ಬಂತು. ನಗರದ ಜನ ದೇವರನ್ನು ಬಿಟ್ಟಿದ್ದಾರೆ, ಬಡವರಿಗೆ ಮೋಸ ಮಾಡುತ್ತಿದ್ದಾರೆ. ತಿರುಗಿ ಬನ್ನಿ, ಇಲ್ಲವಾದರೆ ಉತ್ತರದಿಂದ ಸೈನ್ಯ ಬರುತ್ತದೆ, ಊರು ಉರಿಯುತ್ತದೆ. ಮರುದಿನದ ಅಧ್ಯಾಯದಲ್ಲಿಯೂ ಅದೇ. ಅದರ ಮರುದಿನವೂ ಅದೇ. ಒಂದು ಕಡೆ ಓದಿದ ಸಾಲು ಇನ್ನೊಂದು ಕಡೆ ಹಾಗೆಯೇ ಬಂದಾಗ ನಾನು ಎರಡು ಪುಟ ಹಿಂದೆ ತಿರುಗಿಸಿದೆನೋ ಎಂದು ನೋಡುತ್ತಿದ್ದೆ. ಇಪ್ಪತ್ತಮೂರು ವರ್ಷ ಹೇಳಿದರೂ ನೀವು ಕೇಳಲಿಲ್ಲ ಎಂದು ಪ್ರವಾದಿಯೇ ಒಂದು ಕಡೆ ಹೇಳುತ್ತಾನೆ. ಕೇಳುವವರ ಗತಿ ಏನಾಗಿರಬೇಕು ಎಂದು ನನಗೆ ಅನಿಸಿತು.

ಆ ಶುಕ್ರವಾರ ಅಕ್ಕನಿಗೆ ಫೋನ್ ಮಾಡಿದಾಗ ಇದನ್ನೇ ಹೇಳಿಕೊಂಡೆ. ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಬೇಗ ತೀರಿಕೊಂಡದ್ದರಿಂದ ನನ್ನನ್ನು ಬೆಳೆಸಿದವಳು ಅವಳೇ. ಉಡುಪಿಯ ಹತ್ತಿರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು, ಹನ್ನೊಂದು ವರ್ಷದ ಹಿಂದೆ ನಿವೃತ್ತಳಾಗಿ, ನಾವು ಸಭೆ ಎನ್ನುವ ಊರ ಚರ್ಚಿನ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆಯಲ್ಲಿದ್ದಳು. ಮೂವತ್ತು ವರ್ಷ ಸಂಡೇಸ್ಕೂಲಿನಲ್ಲಿ ಪಾಠ ಮಾಡಿದವಳು.

"ಹೇಳಿದ್ದನ್ನೇ ಹೇಳ್ತಾನೆ ಅಕ್ಕಾ. ಮೂರು ಅಧ್ಯಾಯದಲ್ಲಿ ಮುಗೀತಿತ್ತು."

"ಆ ಅರಸ ಫರೋಹನ ಕನಸು ನೆನಪುಂಟಾ ನಿನಗೆ?" ಎಂದಳು ಅಕ್ಕ. "ಮೊದಲು ಏಳು ದನ, ಆಮೇಲೆ ಏಳು ತೆನೆ. ಕನಸು ಎರಡು, ಅರ್ಥ ಒಂದೇ. ಎರಡು ಸಲ ಯಾಕೆ ಬಿತ್ತು ಹೇಳು?"

"ದೇವರು ಗಟ್ಟಿ ಮಾಡಿದ್ದಾನೆ, ಬೇಗ ಆಗ್ತದೆ ಅಂತ." ಮಕ್ಕಳಾಗಿದ್ದಾಗ ಅವಳೇ ಬಾಯಿಪಾಠ ಮಾಡಿಸಿದ್ದು.

"ಹ್ಞಾಂ. ಒಮ್ಮೆ ಹೇಳಿದ್ದು ಬರೀ ಮಾತು. ಎರಡು ಸಲ ಹೇಳಿದ್ದು ನಿಶ್ಚಯ."

"ನೂರು ಸಲ ಹೇಳಿದ್ರೆ?"

"ನೂರು ಸಲ ಹೇಳಿದ್ರೆ ಕೇಳುವವರು ಕಿವುಡರು ಅಂತ ಅರ್ಥ ಮಾರಾಯ್ತಿ," ಎಂದು ನಕ್ಕಳು. ನಾನೂ ನಕ್ಕೆ. ಮೀನಿನ ರೇಟು, ಸಭೆಯ ಹೊಸ ಹಾರ್ಮೋನಿಯಂ, ಅವಳ ಮಂಡಿನೋವು, ಇಷ್ಟು ಮಾತಾಡಿ ಫೋನ್ ಇಟ್ಟೆವು.

ನನ್ನ ಕೆಲಸ ಡಯಾಲಿಸಿಸ್ ವಿಭಾಗದಲ್ಲಿ. ಕಿಡ್ನಿ ಕೆಟ್ಟವರ ರಕ್ತವನ್ನು ಯಂತ್ರಕ್ಕೆ ಹಾಯಿಸಿ, ಶುದ್ಧ ಮಾಡಿ, ಮರಳಿ ಅವರ ಮೈಗೆ ಬಿಡುವುದು. ಒಬ್ಬೊಬ್ಬರಿಗೆ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ಬೇರೆ ವಾರ್ಡಿನ ರೋಗಿಗಳು ಗುಣವಾಗಿ ಹೋಗುತ್ತಾರೆ. ನಮ್ಮವರು ಹೋಗುವುದಿಲ್ಲ. ಅದೇ ಕುರ್ಚಿ, ಅದೇ ಮುಖ, ವರ್ಷಗಟ್ಟಲೆ. ಅವರಲ್ಲಿ ಒಬ್ಬರು ಭಟ್ಕಳದ ಸಾಹೇಬರು. ಎಪ್ಪತ್ತು ದಾಟಿತ್ತು. ಅಲ್ ಐನ್ ಪೇಟೆಯಲ್ಲಿ ನಲವತ್ತು ವರ್ಷ ಬಟ್ಟೆ ಅಂಗಡಿ ಇಟ್ಟವರು. ಹೆಂಡತಿ ತೀರಿಕೊಂಡಿದ್ದರು, ಗಂಡುಮಕ್ಕಳು ದುಬೈಯಲ್ಲಿ ವ್ಯಾಪಾರದಲ್ಲಿದ್ದರು. ಇಲ್ಲಿ ಅವರ ಜೊತೆಗಿದ್ದದ್ದು ಒಬ್ಬ ಅಡುಗೆಯವನು, ಒಬ್ಬ ಡ್ರೈವರ್.

ಮೊದಲ ದಿನ ಅವರ ಕೈಗೆ ಸೂಜಿ ಹಾಕುವಾಗ ನನ್ನ ಬಾಯಿಯಿಂದ "ಅಯ್ಯೋ, ಎಲ್ಲಿ ಹೋಯ್ತು ಈ ನರ" ಎಂದು ಬಂದುಬಿಟ್ಟಿತ್ತು. ಅವರು ಮುಚ್ಚಿದ್ದ ಕಣ್ಣು ತೆರೆದರು. "ಯಾವೂರು ನಿಮ್ದು ಸಿಸ್ಟರ್? ಉಡುಪಿ ಬದಿಯಾ?" ಮನೆಯಲ್ಲಿ ಅವರದ್ದು ನವಾಯತಿ, ಅಂಗಡಿಯಲ್ಲಿ ಅರಬ್ಬಿ ಮತ್ತು ಹಿಂದಿ. ಕನ್ನಡ ಮಾತಾಡದೆ ಎಷ್ಟೋ ಕಾಲವಾಗಿತ್ತಂತೆ. ಅಲ್ಲಿಂದ ಮೇಲೆ ಸೋಮವಾರ, ಬುಧವಾರ, ಶುಕ್ರವಾರ ನನ್ನ ಪಾಳಿಯಲ್ಲಿ ಕನ್ನಡ ಕೇಳಿಸತೊಡಗಿತು. ನಾನು ಆ ದಿನಗಳಿಗಾಗಿ ಕಾಯುತ್ತಿದ್ದೆ ಎಂದು ಹೇಳಿಕೊಳ್ಳಲು ನಾಚಿಕೆಯಿಲ್ಲ.

ಆದರೆ ಅವರು ಹೇಳಿದ ಮಾತು ಕೇಳುವ ರೋಗಿಯಲ್ಲ. ಕಿಡ್ನಿ ಕೆಟ್ಟ ಮೇಲೆ ಕುಡಿದ ನೀರು ಹೊರಗೆ ಹೋಗುವುದಿಲ್ಲ, ಮೈಯಲ್ಲೇ ನಿಲ್ಲುತ್ತದೆ. ಎರಡು ದಿನಕ್ಕೆ ಮೂರೂವರೆ ಕಿಲೋ ತೂಕ ಏರಿಸಿಕೊಂಡು ಬರುತ್ತಿದ್ದರು. ಕಲ್ಲಂಗಡಿ, ಖರ್ಜೂರ, ಸೀಯಾಳ, ಇವೆಲ್ಲ ಹೃದಯಕ್ಕೆ ಅಪಾಯ. ಅವುಗಳಲ್ಲಿರುವ ಒಂದು ಲವಣ ರಕ್ತದಲ್ಲಿ ಏರಿದರೆ ಹೃದಯ ನಿಂತೇ ಹೋಗಬಹುದು. ಇದನ್ನು ಪ್ರತಿ ಸಲವೂ ಹೇಳುವುದು ನಮ್ಮ ಕೆಲಸದ ಭಾಗ. "ನೀರು ಅಳತೆಯಲ್ಲಿ ಕುಡೀರಿ ಸಾಹೇಬ್ರೇ. ಕಲ್ಲಂಗಡಿ ಬೇಡ, ಖರ್ಜೂರ ಬೇಡ, ಸೀಯಾಳ ಬೇಡವೇ ಬೇಡ." ವಾರಕ್ಕೆ ಮೂರು ಸಲದಂತೆ ಎರಡು ವರ್ಷದಿಂದ ಹೇಳುತ್ತಿದ್ದೆ.

ನಾನು ಓದುತ್ತಿರುವ ಪ್ರವಾದಿಯ ವಿಷಯವನ್ನೂ ಅವರ ಹತ್ತಿರ ಹೇಳಿದ್ದೆ. "ಅದಕ್ಕೆಂತ ಬೇಸರ ಸಿಸ್ಟರ್," ಎಂದರು. "ನಮ್ಮಲ್ಲೂ ಹೇಳಿದ್ದು ಮತ್ತೆ ಮತ್ತೆ ಬರ್ತದೆ. ಮನುಷ್ಯ ಮರೆಯೂದ್ರಲ್ಲಿ ಹುಷಾರು. ಅಲ್ಲಾಹನಿಗೆ ಅದು ಗೊತ್ತುಂಟಲ್ಲ."

ಜೂನ್ ತಿಂಗಳ ಒಂದು ಬುಧವಾರ ಅವರ ದೊಡ್ಡ ಮಗ ದುಬೈಯಿಂದ ಬಂದು ಪಕ್ಕದಲ್ಲಿ ಕುಳಿತಿದ್ದರು. ಡಾಕ್ಟರೂ ಸುತ್ತು ಬಂದಿದ್ದರು. ತೂಕದ ಚೀಟಿ ನೋಡಿ ನಾನು ಎಂದಿನಂತೆ ಶುರುಮಾಡಿದೆ. ಸಾಹೇಬರ ಮುಖ ಕೆಂಪಾಯಿತು. ಮಗನ ಕಡೆ ತಿರುಗಿ ನವಾಯತಿಯಲ್ಲಿ ಏನೋ ಹೇಳಿದರು, ಮಗ ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, ಕನ್ನಡದಲ್ಲಿ, "ನಿಮ್ಮ ಬಾಯಿಗೆ ಬೇರೆ ಮಾತು ಬರೂದಿಲ್ವಾ? ಬಂದ ದಿನ ಎಲ್ಲ ಅದೇ ರೆಕಾರ್ಡು. ನಾನೆಂತ ಸಣ್ಣ ಮಗುವಾ? ಖಲಾಸ್, ಸಾಕು ಮಾಡಿ" ಎಂದರು.

ಕನ್ನಡ ಅಲ್ಲಿ ಬೇರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಧ್ವನಿ ಎಲ್ಲರಿಗೂ ಅರ್ಥವಾಯಿತು. ಎದುರಿನ ಕುರ್ಚಿಯ ಸುಡಾನಿನ ಹೆಂಗಸು ಕಣ್ಣು ತಗ್ಗಿಸಿದಳು. ನಾನು ಯಂತ್ರದ ಗುಂಡಿ ಒತ್ತಿ ಮುಂದಿನ ಕುರ್ಚಿಗೆ ಹೋದೆ.

ಅಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಮನಸ್ಸಿನಲ್ಲೇ ಒಂದು ತೀರ್ಮಾನ ಮಾಡಿದೆ. ಇನ್ನು ಹೇಳುವುದಿಲ್ಲ. ಇದರಲ್ಲಿ ಸಿಟ್ಟು ಎಷ್ಟಿತ್ತೋ ಅಷ್ಟೇ ನಾಚಿಕೆಯೂ ಇತ್ತು. ಬೆಳಿಗ್ಗೆ ಆ ಪ್ರವಾದಿಯ ಮೇಲೆ ನನಗೆ ಬರುತ್ತಿದ್ದ ಬೇಸರವೇ ಸಾಹೇಬರಿಗೆ ನನ್ನ ಮೇಲೆ ಬಂದಿತ್ತು. ಬೇಸರ ಹುಟ್ಟಿಸುವ ಹೆಂಗಸಾಗಿಬಿಟ್ಟೆನಲ್ಲ ಎಂದು ಸಂಕಟವಾಯಿತು. ಶುಕ್ರವಾರ ಅವರು ಬಂದಾಗ ತೂಕ ತೆಗೆದೆ, ಸೂಜಿ ಹಾಕಿದೆ, ಬಿಪಿ ನೋಡಿದೆ, ಒಂದು ಮಾತೂ ಹೆಚ್ಚು ಆಡಲಿಲ್ಲ. ಅವರೂ ಆಡಲಿಲ್ಲ. ಕಂಪ್ಯೂಟರಿನಲ್ಲಿ ಪ್ರತಿ ರೋಗಿಯ ಹೆಸರಿನ ಮುಂದೆ, ಊಟ ಮತ್ತು ನೀರಿನ ಬಗ್ಗೆ ತಿಳಿಸಲಾಗಿದೆಯೇ ಎಂದು ಕೇಳುವ ಒಂದು ಚೌಕ ಇರುತ್ತದೆ. ನಾನು ಏನೂ ಹೇಳಿರಲಿಲ್ಲ. ಆದರೂ ಆ ಚೌಕಕ್ಕೆ ಗುರುತು ಹಾಕಿದೆ. ಮೊದಲ ದಿನ ಬೆರಳು ಸ್ವಲ್ಪ ತಡೆಯಿತು. ಆಮೇಲೆ ತಡೆಯಲಿಲ್ಲ. ಮೂರು ವಾರ ಹೀಗೆ ನಡೆಯಿತು.

ಜುಲೈಯ ಒಂದು ಸೋಮವಾರ, ಶನಿವಾರ ಭಾನುವಾರದ ಬಿಡುವು ಮುಗಿದು ಬರುವ ದಿನ, ಡ್ರೈವರ್ ಅವರನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದ. ಯಾವಾಗಲೂ ನಡೆದೇ ಬರುವವರು. "ಕಾಲು ನಂದಲ್ಲ ಅನ್ನಿಸ್ತದೆ ಸಿಸ್ಟರ್," ಎಂದರು. ನಾಡಿ ಹಿಡಿದೆ. ಒಂದು ಬಡಿತ ಬಂದು ಇನ್ನೊಂದಕ್ಕೆ ಕಾಯಬೇಕಾಯಿತು. ಮಾನಿಟರ್ ಹಾಕಿದಾಗ ಹೃದಯದ ಗೆರೆಗಳು ಚೂಪಾಗಿ ಎದ್ದು ನಿಂತಿದ್ದವು. ಅದನ್ನು ನೋಡಿದ ನರ್ಸಿಗೆ, ಆ ಲವಣ ಏರಿದೆ ಎಂದು ತಿಳಿಯಲು ರಕ್ತದ ರಿಪೋರ್ಟು ಬೇಕಾಗುವುದಿಲ್ಲ. ಕೂಗಿ ಡಾಕ್ಟರನ್ನು ಕರೆದೆ. ಇಂಜೆಕ್ಷನ್ ಕೊಟ್ಟರು, ಯಂತ್ರ ಜೋಡಿಸಿದೆವು. ಮೊದಲ ಒಂದು ಗಂಟೆ ನಾನು ಅವರ ಮಣಿಕಟ್ಟಿನಿಂದ ಕೈ ತೆಗೆಯಲಿಲ್ಲ. ಮಾನಿಟರ್ ಇತ್ತು, ಕೈಯ ಅಗತ್ಯವೇನೂ ಇರಲಿಲ್ಲ.

ಗೆರೆಗಳು ನಿಧಾನವಾಗಿ ತಗ್ಗಿದವು. ಅವರನ್ನು ಎರಡು ದಿನ ವಾರ್ಡಿನಲ್ಲಿ ಇಟ್ಟುಕೊಂಡರು. ಬುಧವಾರ ಬೆಳಿಗ್ಗೆ ಪಾಳಿಗೆ ಮೊದಲು ಹೋಗಿ ನೋಡಿದೆ. ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಮಗ ಕೆಳಗೆ ಚಹಾಕ್ಕೆ ಹೋಗಿದ್ದರಂತೆ.

"ಎಂತ ತಿಂದ್ರಿ ಸಾಹೇಬ್ರೇ?"

"ಸೀಯಾಳ. ಮೊಮ್ಮಗ ದುಬೈಯಿಂದ ಒಂದು ಪೆಟ್ಟಿಗೆ ತಂದಿದ್ದ, ಊರಿಂದು ಅಂತ. ಮೂರು ಕುಡ್ದೆ."

"ಬೇಡ ಅಂತ ಗೊತ್ತಿತ್ತಲ್ಲ ನಿಮಗೆ?"

"ಗೊತ್ತಿತ್ತು." ನನ್ನ ಕಡೆ ಹೊರಳಿದರು. "ಆದ್ರೆ ನೀವು ಹೇಳೂದು ಬಿಟ್ರಲ್ಲ. ಒಂದು ವಾರ ನೋಡ್ದೆ, ಎರಡು ವಾರ ನೋಡ್ದೆ. ಎರಡು ವರ್ಷ ಬಿಡದೆ ಹೇಳಿದವರು ಬಿಟ್ರು ಅಂದ್ರೆ, ನನ್ನ ರಿಪೋರ್ಟು ಚೆನ್ನಾಗಿ ಬಂದಿರ್ಬೇಕು ಅಂದ್ಕೊಂಡೆ. ಇನ್ನು ಸ್ವಲ್ಪ ಪರವಾಗಿಲ್ಲ ಅಂತ."

ನಾನು ಮಂಚದ ಪಕ್ಕದ ಕುರ್ಚಿಯಲ್ಲಿ ಕುಳಿತೆ.

"ಬಯ್ಯುವವರು ಸುಮ್ಮನಾದ್ರೆ ಎರಡು ಅರ್ಥ ಸಿಸ್ಟರ್. ನಾವು ಸರಿಯಾದ್ವಿ ಅಂತ ಒಂದು. ನಮ್ಮ ಆಸೆ ಬಿಟ್ರು ಅಂತ ಇನ್ನೊಂದು. ನಾನು ಮೊದಲನೇದು ಅಂದ್ಕೊಂಡೆ. ಎರಡನೇದು ಅಂದ್ಕೊಳ್ಳಲಿಕ್ಕೆ ಮನಸ್ಸು ಬರ್ಲಿಲ್ಲ."

ಅವರು ನನ್ನನ್ನು ದೂರುತ್ತಿರಲಿಲ್ಲ. ಅಂದು ಕೂಗಾಡಿದ್ದಕ್ಕೆ ಮಾಫ್ ಮಾಡಬೇಕೆಂದೂ ಹೇಳಿದರು. ನಾನು ಅವರ ಹೊದಿಕೆ ಸರಿಮಾಡಿ ಹೊರಗೆ ಬಂದೆ. ನೇರವಾಗಿ ನಮ್ಮ ವಿಭಾಗದ ಮುಖ್ಯಸ್ಥೆಯ ಕೋಣೆಗೆ ಹೋಗಿ, ಹೇಳದೆಯೇ ಗುರುತು ಹಾಕಿದ ಒಂಬತ್ತು ಚೌಕಗಳ ವಿಷಯ ಹೇಳಿದೆ. ಆಕೆ ಕೇರಳದವರು, ನನಗಿಂತ ಕಿರಿಯರು. ಅದನ್ನೆಲ್ಲ ಬರೆದುಕೊಡಲು ಹೇಳಿದರು. ಬರೆದುಕೊಟ್ಟೆ. ಎಚ್ಚರಿಕೆಯ ಪತ್ರವೊಂದು ನನ್ನ ಫೈಲಿಗೆ ಸೇರಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲನೆಯದು.

ಆ ದಿನ ಮಧ್ಯಾಹ್ನ ಕೋಣೆಗೆ ಬಂದು ಎಸಿ ಹಾಕಿ ಹಾಸಿಗೆಯ ತುದಿಯಲ್ಲಿ ಕುಳಿತೆ. ಬಯ್ಯುವವರು ಸುಮ್ಮನಾದರೆ ಎರಡು ಅರ್ಥ. ಆ ಮಾತು ತಲೆಯಲ್ಲಿ ತಿರುಗುತ್ತಿದ್ದಂತೆ ನನಗೆ ಅಕ್ಕನ ನೆನಪಾಯಿತು. ಹನ್ನೊಂದು ವರ್ಷದಿಂದ, ಪ್ರತಿ ಶುಕ್ರವಾರ, ಫೋನ್ ಇಡುವ ಮೊದಲು ಅಕ್ಕ ಹೇಳುತ್ತಿದ್ದದ್ದು ಒಂದೇ ಮಾತು: "ಸಾಕಾಯ್ತು, ಈ ಸಲ ಬಂದುಬಿಡು." ನನ್ನ ಉತ್ತರವೂ ಒಂದೇ: "ಎರಡು ವರ್ಷ ಅಕ್ಕಾ, ಎರಡೇ ವರ್ಷ." ಅದು ಮಾತಿನಂತೆಯೇ ಇರಲಿಲ್ಲ, ಫೋನ್ ಇಡುವಾಗಿನ ಸದ್ದಿನಂತೆ ಇತ್ತು. ಅವಳು ಕೊನೆಯ ಸಲ ಅದನ್ನು ಹೇಳಿದ್ದು ಯಾವಾಗ? ಕಳೆದ ವಾರ ಹೇಳಿರಲಿಲ್ಲ. ಫರೋಹನ ಕನಸಿನ ಮಾತಾಡಿದ ದಿನ ಹೇಳಿರಲಿಲ್ಲ. ಈಸ್ಟರಿಗೆ? ನೆನಪು ಮಾಡಿಕೊಳ್ಳುತ್ತ ಹಿಂದೆ ಹಿಂದೆ ಹೋದೆ. ಕ್ರಿಸ್ಮಸ್‌ವರೆಗೆ ಹೋದರೂ ಸಿಗಲಿಲ್ಲ.

ಶುಕ್ರವಾರಕ್ಕೆ ಕಾಯದೆ ಆಗಲೇ ಫೋನ್ ಮಾಡಿದೆ. ಎತ್ತಿದ್ದು ಒಂದು ಎಳೆಯ ಧ್ವನಿ. "ಹಲೋ? ಆಂಟಿ ಮೀನು ತರ್ಲಿಕ್ಕೆ ಹೋಗಿದ್ದಾರೆ. ಮೊಬೈಲ್ ಇಲ್ಲೇ ಬಿಟ್ಟಿದ್ದಾರೆ. ನೀವು ಯಾರು?"

"ನಾನು ಅವರ ತಂಗಿ. ನೀನು ಯಾರಮ್ಮ?"

"ನಾನು ಇಲ್ಲೇ ಇರುದು. ನರ್ಸಿಂಗ್ ಓದ್ತಿದ್ದೇನೆ."

ಅರ್ಧ ಗಂಟೆಯ ಮೇಲೆ ಅಕ್ಕನೇ ಮಾಡಿದಳು. ಏದುಸಿರು ಬಿಡುತ್ತಿದ್ದಳು. "ಎಂತ ಆಯ್ತು? ಬುಧವಾರ ಮಾಡಿದ್ದಿ?"

"ಆ ಹುಡುಗಿ ಯಾರು ಅಕ್ಕಾ?"

"ಜನವರಿಯಲ್ಲಿ ಬಂದದ್ದು. ಶಿರಸಿಯ ಹುಡುಗಿ, ಹಾಸ್ಟೆಲಿನಲ್ಲಿ ಸೀಟು ಸಿಗ್ಲಿಲ್ಲ ಅಂತ ಪಾದ್ರಿ ಅಯ್ಯನವರು ಕೇಳಿದ್ರು. ಒಳಗಿನ ಕೋಣೆ ಕೊಟ್ಟಿದ್ದೇನೆ." ಒಳಗಿನ ಕೋಣೆ ಎಂದರೆ ನನ್ನ ಕೋಣೆ. ಹನ್ನೊಂದು ವರ್ಷದಿಂದ ಅದರಲ್ಲಿ ನನ್ನ ಮಂಚ, ನನ್ನ ಎರಡು ಟ್ರಂಕು ಇದ್ದವು.

"ನನಗೆ ಹೇಳ್ಲಿಲ್ಲ ನೀನು."

"ಹೇಳ್ಬೇಕು ಅಂತಿದ್ದೆ."

"ಬಾ ಅಂತ ಹೇಳುದೂ ಬಿಟ್ಟಿ."

ಆ ಕಡೆ ಮೀನಿನ ಚೀಲ ಕೆಳಗಿಟ್ಟ ಸದ್ದಾಯಿತು. ಆಮೇಲೆ ಅಕ್ಕ ನಿಧಾನವಾಗಿ ಹೇಳಿದಳು. "ಹನ್ನೊಂದು ವರ್ಷ ಹೇಳಿದೆ. ಡಿಸೆಂಬರದಲ್ಲಿ ಜ್ವರ ಬಂದು ನಾಲ್ಕು ದಿನ ಮಲಗಿದ್ದೆ, ನಿನಗೆ ಹೇಳ್ಲಿಲ್ಲ. ನೀರು ಕಾಯಿಸಿ ಕೊಡ್ಲಿಕ್ಕೆ ಜನ ಇರ್ಲಿಲ್ಲ. ನನಗೂ ಒಬ್ಬರು ಬೇಕಲ್ಲ ಮಗಾ, ಕೆಮ್ಮಿದ್ರೆ ಎಂತ ಆಯ್ತು ಅಂತ ಒಳಗಿಂದ ಕೇಳುವವರು."

"ನನ್ನ ಮೇಲೆ ಸಿಟ್ಟುಂಟಾ?"

"ಸಿಟ್ಟಿದ್ರೆ ಇನ್ನೂ ಹೇಳ್ತಿದ್ದೆ," ಎಂದಳು ಅಕ್ಕ.

ಅವಳು ಬಿಟ್ಟು ಏಳು ತಿಂಗಳಾಗಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಆ ಮಾತು ಕೇಳಬೇಕಾಗಿ ಬರದ್ದರಿಂದ ಒಂದು ರೀತಿಯ ನೆಮ್ಮದಿಯೂ ಇತ್ತು. ಎಸಿಯ ಸದ್ದು ಬಿಟ್ಟರೆ ಬೇರೇನೂ ಇಲ್ಲದ ಆ ಕೋಣೆಯಲ್ಲಿ ನಾನು ಸಂಜೆಯವರೆಗೆ ಕುಳಿತೇ ಇದ್ದೆ. ಅಳು ಬರಲಿಲ್ಲ. ಊರಲ್ಲಿ ಒಂದು ಕೋಣೆ ಇದೆ ಎಂಬ ಧೈರ್ಯದಿಂದ ಈ ಊರಿನ ಕೋಣೆಯಲ್ಲಿ ಒಬ್ಬಳೇ ಇರುವುದು ಒಂದು ಬಗೆ. ಅದೂ ಇಲ್ಲ ಎಂದು ತಿಳಿದು ಇರುವುದು ಇನ್ನೊಂದು ಬಗೆ ಎಂದು ಅಂದು ಗೊತ್ತಾಯಿತು.

ಮರುದಿನ ಬೆಳಿಗ್ಗೆ ಪುಸ್ತಕ ಮತ್ತೆ ತೆರೆದಾಗ ಅದು ಬೇರೆಯೇ ಪುಸ್ತಕದಂತೆ ಕಂಡಿತು. ಇಪ್ಪತ್ತನೆಯ ಅಧ್ಯಾಯದಲ್ಲಿ ಪ್ರವಾದಿ ತನ್ನ ಸಂಕಟ ತೋಡಿಕೊಳ್ಳುತ್ತಾನೆ: ಹೇಳಿ ಹೇಳಿ ಎಲ್ಲರ ನಗೆಗೆ ಗುರಿಯಾದೆ, ಇನ್ನು ಬಾಯಿ ಬಿಡುವುದಿಲ್ಲ ಎಂದುಕೊಂಡೆ, ಆದರೆ ಆ ಮಾತು ಎಲುಬಿನೊಳಗೆ ಬೆಂಕಿಯಂತೆ ಉರಿಯಿತು, ತಡೆದುಕೊಳ್ಳಲು ಆಗಲಿಲ್ಲ ಎಂದು. ಅವನಿಗೂ ಬೇಸರ ಬಂದಿತ್ತು! ಕೇಳುವವರಿಗಿಂತ ಮೊದಲು ಹೇಳುವವನಿಗೇ ಬಂದಿತ್ತು. ಅಷ್ಟು ದಿನ ನಾನು ಈ ಅಧ್ಯಾಯಗಳನ್ನು ನಗರದ ಜನರ ಜೊತೆ ನಿಂತು ಕೇಳುತ್ತಿದ್ದೆ. ಆಡುವವನ ಬದಿಗೆ ಹೋಗಿ ನಿಂತಿರಲಿಲ್ಲ. ಇಪ್ಪತ್ತಮೂರು ವರ್ಷ ಹೇಳಿದೆ ಎನ್ನುವಲ್ಲಿ ಮೂಲ ಭಾಷೆಯಲ್ಲಿರುವ ನುಡಿಗಟ್ಟು, ಬೆಳಗಾಗುವ ಮೊದಲೇ ಎದ್ದು ಹೇಳಿದೆ ಎಂಬ ಅರ್ಥದ್ದಂತೆ. ಟಿಪ್ಪಣಿಯಲ್ಲಿ ಅದನ್ನು ಓದಿದಾಗ ನಾಲ್ಕೂಮುಕ್ಕಾಲು. ಹೊರಗೆ ಇನ್ನೂ ಕತ್ತಲೆ.

ನನ್ನ ಸರದಿ ಆಗಸ್ಟಿನ ಎರಡನೆಯ ಭಾನುವಾರ ಬಂತು. ರಜೆಗೆ ಊರಿಗೆ ಹೋದವರು ಹೋಗಿ, ಕೋಣೆಯಲ್ಲಿ ಏಳು ಜನ ಉಳಿದಿದ್ದೆವು. ನಾನು ಮೂರು ವಿಷಯ ಹೇಳಿದೆ. ಒಂದು, ಅಕ್ಕ ಹೇಳಿದ್ದು, ಎರಡು ಸಲ ಬಿದ್ದ ಕನಸಿನದ್ದು. ಎರಡನೆಯದು, ಸುರುಳಿಯ ಕಥೆ. ಪ್ರವಾದಿ ಹೇಳಿದ್ದನ್ನೆಲ್ಲ ಅವನ ಬರಹಗಾರ ಒಂದು ಸುರುಳಿಯಲ್ಲಿ ಬರೆದಿದ್ದ. ಅದನ್ನು ಅರಸನ ಮುಂದೆ ಓದಿದರು. ಚಳಿಗಾಲ, ಅರಸನ ಮುಂದೆ ಅಗ್ಗಿಷ್ಟಿಕೆ. ಮೂರು ನಾಲ್ಕು ಅಂಕಣ ಓದಿದ ಹಾಗೆ ಅರಸ ಅಷ್ಟನ್ನು ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕಿದ. ಹಾಗೆಯೇ ಇಡೀ ಸುರುಳಿ ಬೂದಿಯಾಯಿತು. ಆಮೇಲೆ ಪ್ರವಾದಿ ಮಾಡಿದ್ದೇನು? ಇನ್ನೊಂದು ಸುರುಳಿ ತೆಗೆದುಕೊಂಡು, ಮೊದಲ ಶಬ್ದದಿಂದ ಮತ್ತೆ ಹೇಳಿ ಬರೆಸಿದ. ಅದಕ್ಕೆ ಇನ್ನಷ್ಟು ಸೇರಿಸಿದ. ನಮ್ಮ ಕೈಯಲ್ಲಿರುವುದು ಎರಡನೆಯ ಸುರುಳಿಯ ಸಂತತಿ ಎಂದೆ. ಮೊದಲನೆಯದನ್ನು ಯಾರೂ ಓದಿಲ್ಲ.

ಮೂರನೆಯದನ್ನು ಹೇಳಲು ನನಗೆ ಕಷ್ಟವಾಯಿತು. ಆ ಕಾಲದಲ್ಲಿ ಬೇರೆ ಪ್ರವಾದಿಗಳೂ ಇದ್ದರು. ಅವರೂ ಎರಡೆರಡು ಸಲ ಹೇಳುತ್ತಿದ್ದರು: ಸಮಾಧಾನ, ಸಮಾಧಾನ. ಸಮಾಧಾನವೇ ಇಲ್ಲದ ಊರಿನಲ್ಲಿ.

"ಹಾಗಾದ್ರೆ ಹೇಗೆ ಗೊತ್ತಾಗುದು ಸಿಸ್ಟರ್?" ಎಂದರು ಹಿರಿಯರು. ಗ್ಯಾರೇಜಿನಲ್ಲಿ ಲೆಕ್ಕ ಬರೆಯುವವರು, ಪ್ರಶ್ನೆ ಬಿಡುವವರಲ್ಲ. "ಅವರೂ ಎರಡು ಸಲ ಹೇಳಿದ್ರು, ಇವನೂ ಎರಡು ಸಲ ಹೇಳಿದ. ಯಾವುದು ನಿಜ?"

ನಾನು ಬರೆದುಕೊಂಡು ಬಂದ ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. "ನನಗೆ ಪೂರಾ ಗೊತ್ತಿಲ್ಲ ಅಂಕಲ್," ಎಂದೆ. "ಆದ್ರೆ ನಾನು ನನ್ನ ಅಕ್ಕನಿಗೆ ಹನ್ನೊಂದು ವರ್ಷದಿಂದ 'ಎರಡು ವರ್ಷ, ಎರಡು ವರ್ಷ' ಅಂತ ಹೇಳಿದ್ದೇನೆ. ಅದನ್ನು ಹೇಳ್ಲಿಕ್ಕೆ ನನಗೆ ಏನೂ ಕಷ್ಟ ಆಗ್ಲಿಲ್ಲ. ಅವಳಿಗೆ ಬಾ ಅಂತ ಕೇಳ್ಲಿಕ್ಕೆ ಪ್ರತಿ ಸಲ ಕಷ್ಟ ಆಗಿರ್ಬೇಕು. ಆದ್ರೂ ಕೇಳಿದಳು. ನನಗೆ ಗೊತ್ತಿರುವ ವ್ಯತ್ಯಾಸ ಅಷ್ಟೇ."

ಬಾಗಿಲಾಚೆ ತಮಿಳಿನವರು ಚಪ್ಪಲಿ ಬಿಡುವ ಸದ್ದು ಕೇಳಿಸಿತು. ಹಿರಿಯರು ಎದ್ದು ನಿಂತು ಪ್ರಾರ್ಥನೆ ಮಾಡಿ ಮುಗಿಸಿದರು. ಆ ದಿನ ಮಾತ್ರ ಅವರು ತಮ್ಮ ಕಾರಿನಲ್ಲಿ ನನ್ನನ್ನು ಮನೆವರೆಗೆ ಬಿಟ್ಟರು. ನಾನು ಇಳಿಯುವಾಗ, "ನನ್ನ ಹೆಂಡತಿ ಊರಲ್ಲಿದ್ದಾಳೆ, ನಿಮಗೆ ಗೊತ್ತುಂಟಲ್ಲ," ಎಂದಷ್ಟೇ ಹೇಳಿದರು.

ಸಾಹೇಬರು ಕುರ್ಚಿಗೆ ಮರಳಿದ ಮೇಲೆ ನಾನು ಮತ್ತೆ ಹೇಳತೊಡಗಿದೆ. ತೂಕದ ಯಂತ್ರದಿಂದ ಇಳಿಯುತ್ತಿದ್ದಂತೆ ಅವರೇ "ಹ್ಞಾಂ, ಹೇಳಿಬಿಡಿ ಸಿಸ್ಟರ್" ಎನ್ನುತ್ತಿದ್ದರು. ಪೂರ್ತಿ ಪಾಲಿಸಿದರು ಎಂದಲ್ಲ. ರಂಜಾನಿನಲ್ಲಿ ಒಂದು ಖರ್ಜೂರ ತಿಂದೆ ಎಂದು ಮಗುವಿನಂತೆ ಒಪ್ಪಿಕೊಂಡರು. ಮುಂದಿನ ವರ್ಷ ಮಕ್ಕಳು ಅವರನ್ನು ಊರಿಗೇ ಕಳುಹಿಸಿದರು. ಅಲ್ಲಿಯೇ ಡಯಾಲಿಸಿಸ್ ಆಗುತ್ತದೆ, ಸೊಸೆಯಂದಿರಿದ್ದಾರೆ ಎಂದು. ಕೊನೆಯ ದಿನ ನಮ್ಮೆಲ್ಲರಿಗೂ ಹಲ್ವಾ ತಂದುಕೊಟ್ಟರು. ನನ್ನ ತಲೆಯ ಮೇಲೆ ಕೈಯಿಟ್ಟು ನವಾಯತಿಯಲ್ಲಿ ಏನೋ ಹೇಳಿದರು. ಅರ್ಥ ಕೇಳಲಿಲ್ಲ. ಐದಾರು ತಿಂಗಳಾದ ಮೇಲೆ ಅವರ ದೊಡ್ಡ ಮಗ ನಮ್ಮ ವಿಭಾಗಕ್ಕೆ ಫೋನ್ ಮಾಡಿ ನನ್ನನ್ನು ಕೇಳಿದರು. ಅವರ ಅಬ್ಬಾ, ನಮ್ಮ ಸಾಹೇಬರು, ನಿದ್ದೆಯಲ್ಲೇ ಹೋದರು ಎಂದರು. ಸೋಮವಾರ, ಬುಧವಾರ, ಶುಕ್ರವಾರ ಈಗ ಉಳಿದ ದಿನಗಳ ಹಾಗೆಯೇ. ಪಾಳಿಯಲ್ಲಿ ಕನ್ನಡ ಇಲ್ಲ.

ಕೂಟದಲ್ಲಿ ಮಾತಾಡಿದ ವರ್ಷದ ಡಿಸೆಂಬರಿನಲ್ಲಿ ನಾನು ಮೂರು ವಾರ ರಜೆಯ ಮೇಲೆ ಹೋಗಿದ್ದೆ. ಹಾಲ್‌ನಲ್ಲಿ ಅಕ್ಕನ ಮಂಚದ ಪಕ್ಕ ಚಾಪೆ ಹಾಸಿ ಮಲಗಿದೆ. ಒಳಗಿನ ಕೋಣೆಯ ಹುಡುಗಿ ಒಳ್ಳೆಯವಳು. ಅಕ್ಕನ ಮಂಡಿಗೆ ಎಣ್ಣೆ ಹಚ್ಚುತ್ತಾಳೆ, ಅವಳನ್ನು ಬಯ್ಯುತ್ತಾಳೆ, ಅವಳಿಂದ ಬಯ್ಯಿಸಿಕೊಳ್ಳುತ್ತಾಳೆ. ನನ್ನ ಟ್ರಂಕುಗಳು ಜಗಲಿಯಲ್ಲಿದ್ದವು, ಮೇಲೆ ಪ್ಲಾಸ್ಟಿಕ್ ಹೊದೆಸಿ. ಅವಳು "ಆಂಟಿ, ನಾನು ಹೊರಗೆ ಮಲಗ್ತೇನೆ, ನೀವು ಒಳಗೆ ಮಲಗಿ" ಎಂದು ಎರಡು ಮೂರು ಸಲ ಹೇಳಿದಳು. ಬೇಡವೆಂದೆ. ಆ ಮನೆಯಲ್ಲಿ ನಾನು ನೆಂಟಳು. ನೆಂಟರಿಗೆ ಕೊಡುವ ಚಹಾದ ಕಪ್ಪಿನಲ್ಲಿ ಅಕ್ಕ ನನಗೆ ಚಹಾ ಕೊಟ್ಟಳು. ಬೇಕೆಂದು ಮಾಡಿದ್ದಲ್ಲ. ಕೈಗೆ ಸಿಕ್ಕಿದ್ದು ಅದು.

ಈ ಫೆಬ್ರವರಿಯಲ್ಲಿ ರಾಜೀನಾಮೆ ಬರೆದುಕೊಟ್ಟಿದ್ದೇನೆ. ಜೂನ್ ಕೊನೆಗೆ ಬಿಡುಗಡೆ. ಮುಖ್ಯಸ್ಥೆ "ನಿಜವಾಗಿಯೂ?" ಎಂದು ಕೇಳಿ ಸಹಿ ಹಾಕಿದರು. ಶುಕ್ರವಾರ ಅಕ್ಕನಿಗೆ ತಿಳಿಸಿದಾಗ ಅವಳು "ಹೌದಾ" ಎಂದಳು, ಅಷ್ಟೇ. ಮುಂದಿನ ಶುಕ್ರವಾರ ಮತ್ತೆ ಹೇಳಿದೆ. "ನೋಡುವ" ಎಂದಳು. ಆಮೇಲಿನ ವಾರ ಟಿಕೆಟಿನ ತಾರೀಖನ್ನೂ ಹೇಳಿದೆ. "ಆಗ್ಲಿ ಮಗಾ, ಬಂದಾಗ ಬಾ," ಎಂದಳು. ಅವಳಿಗೆ ನಂಬಿಕೆ ಬಂದಿಲ್ಲ. ನಂಬಬೇಕೆಂದು ಕೇಳುವ ಹಕ್ಕು ನನಗಿಲ್ಲ. ವಾರ ವಾರವೂ ಹೇಳುತ್ತೇನೆ. ಕಳೆದ ಶುಕ್ರವಾರ ಫೋನ್ ಇಡುವಾಗ ಅವಳು, ಹಾಲ್‌ನಲ್ಲಿ ಇನ್ನೊಂದು ಮಂಚ ಹಿಡಿಸುತ್ತದೋ ಇಲ್ಲವೋ ಅಳತೆ ಮಾಡಲು ಆ ಹುಡುಗಿಗೆ ಹೇಳಿದ್ದೇನೆ ಎಂದಳು. ಕಿಟಕಿಯ ಕೆಳಗೆ ಹಾಕಿದರೆ ಬಾಗಿಲು ಪೂರ್ತಿ ತೆರೆಯುವುದಿಲ್ಲವಂತೆ.